ಫ್ಲೆಕ್ಸ್ ನಿಷೇಧ ಯಾರನ್ನು ತಡೆಯುತ್ತದೆ?

ಬೆಂಗಳೂರಿನ ಫ್ಲೆಕ್ಸ್ ಹಾವಳಿಯ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವುದು ಒಂದೇ ಬೇಡಿಕೆ: ಪೂರ್ತಿ ನಿಷೇಧಿಸಿ, ಕಟ್ಟಿದವರ ಮೇಲೆ ಕೇಸು ಹಾಕಿ. ಪತ್ರಿಕೆಗಳ ಸಂಪಾದಕೀಯ, ನಿವಾಸಿಗಳ ಸಂಘದ ಮನವಿ, ಹೈಕೋರ್ಟಿನಲ್ಲಿ ನಡೆಯುವ ವಾದ, ಸಚಿವರ ಪತ್ರಿಕಾಗೋಷ್ಠಿ ಎಲ್ಲವೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಈ ಬೇಡಿಕೆಯ ಹಿಂದಿರುವ ಸಿಟ್ಟಿನಲ್ಲಿ ನ್ಯಾಯವಿದೆ. ಫುಟ್‌ಪಾತಿಗೆ ಅಡ್ಡಲಾಗಿ ಸರ್ವೆ ಕಂಬ ನೆಟ್ಟು, ಮರದ ಕಾಂಡಕ್ಕೆ ಮೊಳೆ ಹೊಡೆದು, ಸಿಗ್ನಲ್ ದೀಪವೇ ಕಾಣದ ಹಾಗೆ ಮುಖಗಳ ಸಾಲು ನಿಲ್ಲಿಸುವುದು ಸಾರ್ವಜನಿಕ ಜಾಗದ ಮೇಲೆ ನಡೆಯುವ ದಬ್ಬಾಳಿಕೆ. ಅದನ್ನು ಸಹಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ನನ್ನ ತಕರಾರು ಇರುವುದು ಮದ್ದಿನ ಬಗ್ಗೆ. ಪೂರ್ತಿ ನಿಷೇಧವನ್ನು ಈ ಊರು ಮತ್ತೆ ಮತ್ತೆ ಪ್ರಯೋಗಿಸಿ ನೋಡಿದೆ. ಅದು ದೊಡ್ಡವರ ಫ್ಲೆಕ್ಸನ್ನು ತಡೆಯಲಿಲ್ಲ, ಕಾನೂನಿಗೆ ಹೆದರುವ ಸಣ್ಣವರನ್ನಷ್ಟೇ ತಡೆಯಿತು. ಊರಿಗೆ ಬೇಕಾಗಿರುವುದು ಅಳತೆ, ಜಾಗ, ಅವಧಿ ಮೂರನ್ನೂ ಮೊದಲೇ ಗೊತ್ತುಮಾಡಿದ, ಮುದ್ರಿಸಿದವರನ್ನೂ ಹೊಣೆಗಾರರನ್ನಾಗಿಸುವ, ಯಾರು ಕೇಳಿದರೂ ಒಂದೇ ದರಕ್ಕೆ ಸಿಗುವ ಅನುಮತಿ. ನಿಷೇಧದ ಪರ ಇರುವವರು ಇದನ್ನು ರಾಜಿ ಎನ್ನುತ್ತಾರೆ. ನನ್ನ ಪ್ರಕಾರ ಇದು ನಿಷೇಧಕ್ಕಿಂತ ಕಠಿಣವಾದ ಕ್ರಮ, ಏಕೆಂದರೆ ಇದನ್ನು ಜಾರಿ ಮಾಡಲು ಸಾಧ್ಯ.

ಮೊದಲು ದಾಖಲೆ ನೋಡೋಣ. ತೆರೆದ ಸ್ಥಳಗಳು ವಿರೂಪಗೊಳ್ಳದಂತೆ ತಡೆಯುವ ಕಾಯ್ದೆಯನ್ನು ಕರ್ನಾಟಕ ತಂದದ್ದು 1981ರಲ್ಲಿ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ, ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ಅಂಟಿಸಿದರೆ ಅಥವಾ ನಿಲ್ಲಿಸಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಅದು ಹೇಳಿತು. ಅಂದರೆ ಆ ಕಾಯ್ದೆ ಎಲ್ಲವನ್ನೂ ನಿಷೇಧಿಸಿರಲಿಲ್ಲ. ಅನುಮತಿ ಕೊಡುವ ಒಂದು ಕಚೇರಿ ಇರುತ್ತದೆ, ಕೇಳಿ ಪಡೆಯುವ ಒಂದು ದಾರಿ ಇರುತ್ತದೆ, ಆ ದಾರಿ ಬಿಟ್ಟು ನಡೆದವರಿಗೆ ಶಿಕ್ಷೆ ಎಂಬುದು ಅದರ ಲೆಕ್ಕಾಚಾರ. ಆ ದಾರಿಯನ್ನು ಯಾರೂ ಸರಿಯಾಗಿ ಕಟ್ಟಲಿಲ್ಲ. ಬದಲಿಗೆ ನಿಷೇಧದ ಮೇಲೆ ನಿಷೇಧ ಬಂತು. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ರಾಜ್ಯ ಸರ್ಕಾರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜತೆಗೆ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್‌ಗಳ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ರಾಜ್ಯದಾದ್ಯಂತ ನಿಷೇಧಿಸಿತು. ಎರಡೇ ವರ್ಷಗಳ ನಂತರ, 2018ರ ಆಗಸ್ಟ್ 1ರಂದು, ಬೆಂಗಳೂರಿನ ಫ್ಲೆಕ್ಸ್‌ಗಳನ್ನು ಕೂಡಲೇ ಕಿತ್ತುಹಾಕಿ ಎಂದು ಹೈಕೋರ್ಟು ಪಾಲಿಕೆಗೆ ತಾಕೀತು ಮಾಡಬೇಕಾಯಿತು. ಅದರ ಬೆನ್ನಿಗೇ ಪಾಲಿಕೆಯ ಕೌನ್ಸಿಲ್ ಒಂದು ವರ್ಷ ಹೊರಾಂಗಣ ಜಾಹೀರಾತನ್ನೇ ನಿಷೇಧಿಸುವ ನಿರ್ಣಯ ಮಾಡಿತು. 2023ರ ಆಗಸ್ಟ್‌ನಲ್ಲಿ ಮತ್ತೆ ಪ್ರಕಟಣೆ, ಈ ಸಲ ಒಂದು ಫ್ಲೆಕ್ಸ್‌ಗೆ 50,000 ರೂಪಾಯಿ ದಂಡ. ತಯಾರಿಕೆಯನ್ನೇ ನಿಷೇಧಿಸಿದ ವಸ್ತುವನ್ನು ಕಟ್ಟಿದ್ದಕ್ಕೆ ಏಳು ವರ್ಷಗಳ ನಂತರ ದಂಡ ಘೋಷಿಸಬೇಕಾಯಿತು ಎಂದರೆ, ನಿಷೇಧ ಜಾರಿಯಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟು ಕಾಲ ಸೋತದ್ದಕ್ಕೆ ಅಧಿಕಾರಿಗಳ ಸೋಮಾರಿತನ, ರಾಜಕಾರಣಿಗಳ ಒತ್ತಡ ಎಂದು ಕಾರಣ ಹೇಳುವುದು ರೂಢಿ. ಎರಡೂ ಇವೆ. ಆದರೆ ಸೋಲಿನ ಬೇರು ನಿಷೇಧದ ಸ್ವರೂಪದಲ್ಲೇ ಇದೆ. ಎಲ್ಲ ಫ್ಲೆಕ್ಸ್ ಅಕ್ರಮ ಎಂದಾದ ಮೇಲೆ ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂಬುದು ಆ ದಿನ ಗಾಡಿ ತೆಗೆದುಕೊಂಡು ಹೊರಟ ಸಿಬ್ಬಂದಿಯ ಮರ್ಜಿಗೆ ಬಿಟ್ಟದ್ದಾಗುತ್ತದೆ. ಅವರ ಮೇಲಿನವರಿಗೆ ಎಲ್ಲಿಂದ ಫೋನ್ ಬಂತು ಎಂಬುದರ ಮೇಲೆ ನಿಂತದ್ದಾಗುತ್ತದೆ. ಸಚಿವರ ಸ್ವಾಗತಕ್ಕೆ ಎದ್ದ ಕಮಾನು ಕಾರ್ಯಕ್ರಮ ಮುಗಿಯುವವರೆಗೂ ನಿಲ್ಲುತ್ತದೆ. ಹೊಸದಾಗಿ ಮೆಸ್ ತೆರೆದವರು ತಿರುವಿನಲ್ಲಿ ಕಟ್ಟಿದ ಮೂರಡಿಯ ಬಟ್ಟೆ ಬೆಳಗಾಗುವುದರೊಳಗೆ ಕಸದ ಲಾರಿ ಸೇರುತ್ತದೆ. ಸಕ್ರಮಕ್ಕೂ ಅಕ್ರಮಕ್ಕೂ ನಡುವೆ ಅಳೆದು ತೋರಿಸಬಹುದಾದ ಗೆರೆಯೇ ಇಲ್ಲದಿರುವಾಗ, ತಾರತಮ್ಯ ನಡೆದಿದೆ ಎಂದು ದೂರುವುದಕ್ಕೂ ಸಣ್ಣವರಿಗೆ ಆಧಾರ ಇರುವುದಿಲ್ಲ. ನಿಮ್ಮದೂ ಅಕ್ರಮವೇ ಅಲ್ಲವೇ ಎಂಬ ಒಂದೇ ಪ್ರಶ್ನೆಗೆ ಅವರ ಬಾಯಿ ಕಟ್ಟಿಹೋಗುತ್ತದೆ.

ಈ ಸಣ್ಣವರು ಯಾರು ಎಂದು ನಿಷೇಧವಾದಿಗಳು ಒಮ್ಮೆ ಯೋಚಿಸಬೇಕು. ಬಡಾವಣೆಯ ಬಯಲಲ್ಲಿ ಒಂದು ರಾತ್ರಿ ಯಕ್ಷಗಾನ ಆಡಿಸುವ ಸಂಘ, ಗಣೇಶನ ಹಬ್ಬಕ್ಕೆ ಸಂಗೀತ ಕಛೇರಿ ಇಟ್ಟುಕೊಂಡ ಯುವಕ ಮಂಡಳಿ, ರಕ್ತದಾನ ಶಿಬಿರ ನಡೆಸುವ ಕಾಲೇಜು, ಟ್ಯೂಷನ್ ಹೇಳುವ ನಿವೃತ್ತ ಶಿಕ್ಷಕರು, ಒಳರಸ್ತೆಯಲ್ಲಿ ಹೊಲಿಗೆ ಅಂಗಡಿ ತೆರೆದ ಹೆಂಗಸು. ಪತ್ರಿಕೆಯಲ್ಲಿ ಜಾಹೀರಾತು ಕೊಡುವಷ್ಟು ಹಣ ಇವರಲ್ಲಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿದ್ದು ಅವರನ್ನು ಈಗಾಗಲೇ ಬಲ್ಲವರಿಗಷ್ಟೇ ತಲುಪುತ್ತದೆ. ಆ ರಸ್ತೆಯಲ್ಲಿ ದಿನವೂ ನಡೆದು ಹೋಗುವವರಿಗೆ ವಿಷಯ ತಿಳಿಸುವುದಕ್ಕೆ ರಸ್ತೆಯಲ್ಲೇ ಒಂದು ಫಲಕ ಇರುವುದಕ್ಕಿಂತ ಅಗ್ಗದ, ನೇರವಾದ ದಾರಿ ಇನ್ನೂ ಹುಟ್ಟಿಲ್ಲ. ಊರೆಂದರೆ ಕಾಂಕ್ರೀಟು, ಮರ, ವಾಹನಗಳಷ್ಟೇ ಇರುವ ಜಾಗವಲ್ಲ. ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅಲ್ಲಿಯ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೂ ಊರಿನ ಜೀವಾಳ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಪ್ರಚಾರ ಬೇಕಿಲ್ಲ, ಜನ ತಾವೇ ಬರುತ್ತಾರೆ. ಮೊದಲ ವರ್ಷ ನಡೆಯುವ ಪುಸ್ತಕ ಸಂತೆಗೆ ಬೇಕು. ಪೂರ್ತಿ ನಿಷೇಧ ಕೇಳುವವರಲ್ಲಿ ಬಹಳಷ್ಟು ಮಂದಿ ವಿಷಯ ತಿಳಿಯಲು ಬೇರೆ ದಾರಿಗಳಿರುವವರು, ಆದ್ದರಿಂದ ಈ ನಷ್ಟ ಅವರ ಗಮನಕ್ಕೆ ಬಂದಿಲ್ಲ.

ಅನುಮತಿ ಕೊಟ್ಟರೂ ಪಾಲಿಕೆಯಿಂದ ಜಾರಿ ಮಾಡಲಾಗದು, ಆ ಸಾಮರ್ಥ್ಯವೇ ಅದಕ್ಕಿಲ್ಲ ಎಂಬುದು ಮೊದಲ ಆಕ್ಷೇಪ. ಇದಕ್ಕೆ ಉತ್ತರ ಪ್ರತಿ ಚುನಾವಣೆಯಲ್ಲೂ ಕಣ್ಣೆದುರೇ ಸಿಗುತ್ತದೆ. ಚುನಾವಣೆ ಘೋಷಣೆಯಾದ 24 ಗಂಟೆಯೊಳಗೆ ಸರ್ಕಾರಿ ಕಟ್ಟಡಗಳಿಂದ, 48 ಗಂಟೆಯೊಳಗೆ ಬಸ್ ನಿಲ್ದಾಣ, ರೈಲು ನಿಲ್ದಾಣ, ರಸ್ತೆ, ಸೇತುವೆ, ಕಂಬಗಳಿಂದ, ಅನಧಿಕೃತವಾದವನ್ನು 72 ಗಂಟೆಯೊಳಗೆ ಖಾಸಗಿ ಆಸ್ತಿಗಳಿಂದಲೂ ತೆಗೆಯಬೇಕೆಂದು ಚುನಾವಣಾ ಆಯೋಗ ಆದೇಶಿಸುತ್ತದೆ. 2023ರ ಮಾರ್ಚ್ 29ರಂದು ವಿಧಾನಸಭೆಗೆ, 2024ರ ಮಾರ್ಚ್ 16ರಂದು ಲೋಕಸಭೆಗೆ ಚುನಾವಣೆ ಘೋಷಣೆಯಾದಾಗಲೂ ಹಾಗೇ ಆಯಿತು. ಬೆಂಗಳೂರಿನಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳಲ್ಲೂ ಗೋಡೆಗಳು ಖಾಲಿಯಾದವು, ಶಿಲಾನ್ಯಾಸದ ಕಲ್ಲಿಗೂ ಬಟ್ಟೆ ಸುತ್ತಿದರು. ಕಿತ್ತವರು ಅದೇ ಪೌರಕಾರ್ಮಿಕರು, ಕೀಳಿಸಿದವರು ಅದೇ ಎಂಜಿನಿಯರುಗಳು. 2018ರ ಆಗಸ್ಟ್‌ನಲ್ಲೂ ಹೈಕೋರ್ಟು ಗಡುವು ಕೊಟ್ಟ ಮೇಲೆ ಸಾವಿರಾರು ಫ್ಲೆಕ್ಸ್ ಕೆಲವೇ ಗಂಟೆಗಳಲ್ಲಿ ನೆಲಕ್ಕಿಳಿದವು. ಜನಬಲ, ಗಾಡಿ, ಏಣಿ ಎಲ್ಲವೂ ಪಾಲಿಕೆಯಲ್ಲಿವೆ.

ಚುನಾವಣಾ ಆಯೋಗಕ್ಕೆ ಅಧಿಕಾರಿಗಳು ಹೆದರುತ್ತಾರೆ, ಪಾಲಿಕೆಯ ಕಮಿಷನರಿಗೆ ಹಾಗೆ ಹೆದರುವವರಿಲ್ಲ ಎನ್ನಬಹುದು. ಸರಿಯೇ, ಆದರೆ ಹೆದರಿಕೆಯಷ್ಟೇ ಅಲ್ಲಿ ಕೆಲಸ ಮಾಡುವುದಿಲ್ಲ. ಆಯೋಗದ ಆದೇಶವನ್ನು ಗಮನವಿಟ್ಟು ನೋಡಿದರೆ ಅದರಲ್ಲಿ ಮೂರು ಗುಣ ಕಾಣುತ್ತವೆ. ಜಾಗದ ಬಗೆಗೆ ತಕ್ಕಂತೆ ಗಂಟೆಯ ಲೆಕ್ಕದಲ್ಲಿ ಗಡುವಿದೆ. ಗಡುವು ಮೀರಿದರೆ ಇಂಥ ಅಧಿಕಾರಿಯೇ ಉತ್ತರಿಸಬೇಕೆಂದು ಗೊತ್ತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಫಲಕ ಯಾವ ಪಕ್ಷದ್ದು, ಯಾರ ಮುಖ ಅದರಲ್ಲಿದೆ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ಆಳುವ ಪಕ್ಷದ್ದೂ ಇಳಿಯುತ್ತದೆ, ಪ್ರತಿಪಕ್ಷದ್ದೂ ಇಳಿಯುತ್ತದೆ. ಈ ಕೊನೆಯ ಗುಣದಿಂದಾಗಿ ಕೆಳಹಂತದ ಸಿಬ್ಬಂದಿಗೆ ಧೈರ್ಯ ಬರುತ್ತದೆ. ಫೋನ್ ಮಾಡಿದವರಿಗೆ ಹೇಳಲು ಒಂದು ಉತ್ತರ ಸಿಗುತ್ತದೆ. ಉಳಿದ ದಿನಗಳ ನಿಯಮವನ್ನೂ ಹೀಗೆ ಬರೆಯಬಹುದು, ಅದಕ್ಕೆ ಚುನಾವಣೆಯೇ ಬರಬೇಕೆಂದಿಲ್ಲ.

ಈಗ ಹುಟ್ಟುಹಬ್ಬದ ಒಂದು ಫ್ಲೆಕ್ಸನ್ನು ಹತ್ತಿರದಿಂದ ನೋಡಿ. ಮೇಲ್ತುದಿಯಲ್ಲಿ ದೇವರ ಮತ್ತು ಮಹಾಪುರುಷರ ಚಿಕ್ಕ ಚಿತ್ರಗಳು, ನಡುವೆ ಕೈಮುಗಿದು ನಿಂತ ನಾಯಕ, ಪಕ್ಕದಲ್ಲಿ ಅವರಿಗಿಂತ ತುಸು ಗಿಡ್ಡಗೆ ಸ್ಥಳೀಯ ಮುಖಂಡ, ಕೆಳಗೆ ಪಾಸ್‌ಪೋರ್ಟ್ ಫೋಟೊ ಅಳತೆಯ ಎರಡು ಸಾಲು ಮುಖಗಳು, ‘ಶುಭ ಕೋರುವವರು’ ಎಂಬ ತಲೆಬರಹದಡಿ ಅವರೆಲ್ಲರ ಹೆಸರು, ಕೆಲವೊಮ್ಮೆ ಮೊಬೈಲ್ ನಂಬರೂ. ಇಷ್ಟು ಜನರ ಗುರುತು ಇದ್ದರೂ ಕೇಸು ನಿಲ್ಲುವುದು ಕಷ್ಟ. ಅಭಿಮಾನಿಗಳು ಹಾಕಿದ್ದು, ನನಗೆ ಗೊತ್ತೇ ಇರಲಿಲ್ಲ ಎಂದು ನಾಯಕ ಹೇಳಬಹುದು. ಫೋಟೊ ಕೊಟ್ಟದ್ದು ನಿಜ, ಕಟ್ಟಿದವರು ಯಾರೋ ಎಂದು ಅಭಿಮಾನಿ ಹೇಳಬಹುದು. ಈ ಸರಪಳಿಯಲ್ಲಿ ತಪ್ಪಿಸಿಕೊಳ್ಳಲಾಗದ ಒಬ್ಬರೇ ಒಬ್ಬರಿದ್ದಾರೆ, ಮುದ್ರಿಸಿದವರು. ವಿನ್ಯಾಸ ತಯಾರಾದದ್ದು ಅವರ ಕಂಪ್ಯೂಟರಿನಲ್ಲಿ, ಚದರಡಿಗಿಷ್ಟು ಎಂದು ದುಡ್ಡು ಎಣಿಸಿಕೊಂಡದ್ದು ಅವರು, ಆರ್ಡರ್ ಕೊಟ್ಟವರ ಹೆಸರು ಇರುವುದು ಅವರ ಪುಸ್ತಕದಲ್ಲಿ. ಅವರ ಹೆಸರು ಮಾತ್ರ ಬಹುಪಾಲು ಫ್ಲೆಕ್ಸ್‌ಗಳಲ್ಲಿ ಇರುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ಕಾನೂನಿನಲ್ಲೇ ಬಹಳ ಹಿಂದಿನಿಂದ ಇದೆ. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಮು, ಚುನಾವಣೆಯ ಕರಪತ್ರ ಮತ್ತು ಪೋಸ್ಟರುಗಳ ಮುಖದ ಮೇಲೆಯೇ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕೆನ್ನುತ್ತದೆ. ಪ್ರಕಟಿಸುವವರು ತಮ್ಮ ಗುರುತಿನ ಬಗ್ಗೆ ಸಹಿ ಮಾಡಿದ ಘೋಷಣೆ ಕೊಟ್ಟ ಹೊರತು ಮುದ್ರಿಸುವಂತಿಲ್ಲ, ಮುದ್ರಿಸಿದ ಮೇಲೆ ಆ ಘೋಷಣೆಯ ಜತೆ ಒಂದು ಪ್ರತಿಯನ್ನು ಅಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, 2000 ರೂಪಾಯಿವರೆಗೆ ದಂಡ. ಇದೇ ಕ್ರಮವನ್ನು ರಸ್ತೆಯ ಎಲ್ಲ ತಾತ್ಕಾಲಿಕ ಫಲಕಗಳಿಗೂ ತರಲಿ: ಅನುಮತಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಮುದ್ರಕರ ಹೆಸರು ಈ ಮೂರೂ ಕೆಳಗಿನ ಅಂಚಿನಲ್ಲಿ ಓದಲಾಗುವಷ್ಟು ದೊಡ್ಡದಾಗಿ ಇರದ ಯಾವ ಫಲಕವನ್ನೂ ಮುದ್ರಿಸುವಂತಿಲ್ಲ. ಹಾಗೆ ಮಾಡಿದರೆ ರಸ್ತೆಯಲ್ಲಿ ನಿಂತ ಯಾರೇ ಆದರೂ ಒಂದು ಫಲಕ ಸಕ್ರಮವೋ ಅಲ್ಲವೋ ಎಂದು ಓದಿಯೇ ಹೇಳಬಹುದು. ಇಂದು ಅಧಿಕಾರಿಗೂ ಅದು ಸಾಧ್ಯವಿಲ್ಲ.

ತಮಿಳುನಾಡಿನ ಉದಾಹರಣೆ ನನ್ನ ವಾದಕ್ಕೆ ಎದುರಾಗಿ ನಿಲ್ಲುತ್ತದೆ, ಅದನ್ನು ದಾಟಿ ಹೋಗಬಾರದು. ಅಲ್ಲಿ ಅನುಮತಿ ಪಡೆದು ಬ್ಯಾನರ್ ಹಾಕುವ ನಿಯಮ ಇತ್ತು. ಮದ್ರಾಸ್ ಹೈಕೋರ್ಟಿನ ಆದೇಶಗಳೂ ಒಂದರ ಮೇಲೊಂದು ಬಂದಿದ್ದವು. ಹಾಗಿದ್ದೂ 2019ರ ಸೆಪ್ಟೆಂಬರ್ 12ರಂದು ಚೆನ್ನೈನ ಪಳ್ಳಿಕರಣೈಯಲ್ಲಿ, ಆಗಿನ ಆಡಳಿತ ಪಕ್ಷದ ಸ್ಥಳೀಯ ಮುಖಂಡರ ಮನೆಯ ಮದುವೆಗೆಂದು ರಸ್ತೆ ವಿಭಜಕದ ಮೇಲೆ ಕಟ್ಟಿದ್ದ ಬ್ಯಾನರ್, ಸ್ಕೂಟರಿನಲ್ಲಿ ಹೋಗುತ್ತಿದ್ದ 23 ವರ್ಷದ ಎಂಜಿನಿಯರ್ ಯುವತಿಯ ಮೇಲೆ ಬಿತ್ತು. ಕೆಳಗುರುಳಿದ ಅವರ ಮೇಲೆ ನೀರಿನ ಟ್ಯಾಂಕರ್ ಹರಿಯಿತು. ಆ ಬ್ಯಾನರ್‌ಗೆ ಅನುಮತಿ ಇರಲಿಲ್ಲ. ಹಾಗಾದರೆ ಅನುಮತಿಯ ವ್ಯವಸ್ಥೆಯೂ ಸೋತಂತಲ್ಲವೇ? ಸೋತದ್ದು ನಿಜ. ಎಲ್ಲಿ ಸೋತಿತು ಎಂಬುದನ್ನು ನೋಡಬೇಕು. ಸಾವಿನ ಬೆನ್ನಿಗೇ ಆ ಬ್ಯಾನರ್ ಮುದ್ರಿಸಿದ ಮಳಿಗೆಯನ್ನು ಪಾಲಿಕೆ ಪತ್ತೆಮಾಡಿ ಬೀಗಮುದ್ರೆ ಹಾಕಿತು. ಸಾವಾದ ಮೇಲೆ ಅಷ್ಟು ಬೇಗ ಸಿಕ್ಕ ಮುದ್ರಕರು ಅದಕ್ಕೆ ಮೊದಲೂ ಸಿಗುತ್ತಿದ್ದರು. ಅನುಮತಿ ಸಂಖ್ಯೆ ಕೇಳದೆ ಮುದ್ರಿಸಿದರೆ ಅಂಗಡಿ ಮುಚ್ಚುತ್ತದೆ ಎಂದು ಅವರಿಗೆ ಮೊದಲೇ ಖಾತ್ರಿಯಿದ್ದಿದ್ದರೆ ಆ ಬ್ಯಾನರ್ ಯಂತ್ರದಿಂದ ಹೊರಗೆ ಬರುತ್ತಿರಲಿಲ್ಲ. ರಸ್ತೆಯಲ್ಲಿ ಸಾವಿರ ಕಂಬ ಕಾಯುವುದಕ್ಕಿಂತ ಬೆರಳೆಣಿಕೆಯ ಮುದ್ರಣ ಯಂತ್ರಗಳನ್ನು ಕಾಯುವುದು ಸುಲಭ.

ಸುರಕ್ಷತೆಯ ಮಾತನ್ನು ನಿಷೇಧದ ಪರವಾದ ದೊಡ್ಡ ಸಮರ್ಥನೆಯಾಗಿ ಮುಂದಿಡುತ್ತಾರೆ. ನಡೆದ ಅನಾಹುತಗಳು ಬೇರೆಯದನ್ನೇ ಹೇಳುತ್ತವೆ. 2024ರ ಜನವರಿ 8ರಂದು ನಟ ಯಶ್ ಅವರ ಹುಟ್ಟುಹಬ್ಬ. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಹಿಂದಿನ ರಾತ್ರಿ ದೊಡ್ಡದೊಂದು ಕಟೌಟ್ ಎತ್ತಿ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಮೂವರು ಯುವಕರು ಸತ್ತರು, ಇನ್ನೂ ಮೂವರು ಗಾಯಗೊಂಡರು. ಆಗ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧಕ್ಕೆ ಎಂಟನೆಯ ವರ್ಷ. ಆ ನಿಷೇಧ ಸೂರಣಗಿಯ ಹುಡುಗರನ್ನು ಕಾಯಲಿಲ್ಲ. ಕಟೌಟ್ ಇಷ್ಟು ಅಡಿಗಿಂತ ಎತ್ತರ ಇರಬಾರದು, ತಂತಿಯಿಂದ ಇಷ್ಟು ದೂರ ಇರಬೇಕು, ಕತ್ತಲಲ್ಲಿ ನಿಲ್ಲಿಸಬಾರದು ಎಂಬ ಮೂರು ಸಾಲನ್ನು ಗ್ರಾಮ ಪಂಚಾಯಿತಿಯ ಅರ್ಜಿ ನಮೂನೆಯ ಮೇಲೆ ಓದಿ ಹೇಳುವವರೊಬ್ಬರಿದ್ದಿದ್ದರೆ ಉಳಿಯುತ್ತಿದ್ದರೋ ಏನೋ. ಎಲ್ಲವೂ ಅಕ್ರಮವಾದಾಗ ಸುರಕ್ಷಿತವಾಗಿ ಕಟ್ಟುವುದು ಹೇಗೆಂದು ಹೇಳಿಕೊಡುವ ಅಧಿಕಾರಿಯೂ ಇರುವುದಿಲ್ಲ. ಕದ್ದು ಕಟ್ಟುವ ಕೆಲಸ ರಾತ್ರಿ ನಡೆಯುತ್ತದೆ, ಅವಸರದಲ್ಲಿ ನಡೆಯುತ್ತದೆ. ಅದೇ ವರ್ಷ ಮೇ 13ರಂದು ಮುಂಬೈಯ ಘಾಟ್ಕೋಪರ್‌ನಲ್ಲಿ ಗಾಳಿಮಳೆಗೆ ಕುಸಿದು ಪೆಟ್ರೋಲ್ ಬಂಕಿನ ಮೇಲೆ ಬಿದ್ದು 17 ಜನರನ್ನು ಕೊಂದ ಹೋರ್ಡಿಂಗ್ 120 ಅಡಿ ಎತ್ತರದ್ದು. ಮುಂಬೈ ಪಾಲಿಕೆಯ ನಿಯಮದಲ್ಲಿ ಗರಿಷ್ಠ ಅಳತೆ 40 ಅಡಿಗೆ 40 ಅಡಿ. ಜಾಗ ರೈಲ್ವೆ ಪೊಲೀಸರ ಅಧೀನದ್ದು, ಅಲ್ಲಿ ಪಾಲಿಕೆಯ ಅನುಮತಿ ಬೇಕಿಲ್ಲ ಎಂಬ ನೆಪದಲ್ಲಿ ಅದು ಎದ್ದು ನಿಂತಿತ್ತು. ಅಳತೆಯ ನಿಯಮ ಇತ್ತು, ಅದು ಊರಿನ ಎಲ್ಲ ನೆಲಕ್ಕೂ ಅನ್ವಯವಾಗಲಿಲ್ಲ. ಹದಿನೇಳು ಜೀವ ಹೋದದ್ದು ಆ ಒಂದು ಸಂದಿಯಲ್ಲಿ.

ಪೂರ್ತಿ ನಿಷೇಧದ ಪರ ಹೆಚ್ಚಾಗಿ ಉಲ್ಲೇಖವಾಗುವ ಊರು ಬ್ರೆಜಿಲಿನ ಸಾವೊ ಪೌಲೊ. ಮೇಯರ್ ಗಿಲ್ಬರ್ಟೊ ಕಸಾಬ್ 2006ರಲ್ಲಿ ತಂದ ಸ್ವಚ್ಛ ನಗರ ಕಾನೂನು 2007ರ ಜನವರಿಯಿಂದ ಜಾರಿಗೆ ಬಂದು, ಸುಮಾರು 15,000 ಹೋರ್ಡಿಂಗುಗಳು ಇಳಿದವು. ನಮ್ಮ ನಿಷೇಧವಾದಿಗಳು ಇಲ್ಲಿಗೆ ನಿಲ್ಲಿಸುತ್ತಾರೆ. ಆ ಕಾನೂನಿನ ಉಳಿದರ್ಧ ಅಂಗಡಿ ಬೋರ್ಡುಗಳದ್ದು. ಅಂಗಡಿಯ ಮುಂಭಾಗ 10 ಮೀಟರಿಗಿಂತ ಕಿರಿದಾಗಿದ್ದರೆ ಬೋರ್ಡು ಒಂದೂವರೆ ಚದರ ಮೀಟರ್, 10ರಿಂದ 100 ಮೀಟರ್ ಇದ್ದರೆ ನಾಲ್ಕು ಚದರ ಮೀಟರ್ ಇರಬಹುದು ಎಂದು ಅದು ಅಳೆದು ಕೊಟ್ಟಿತು. ಸಣ್ಣ ವ್ಯಾಪಾರಿಗೆ ತನ್ನ ಹೆಸರು ಹೇಳಿಕೊಳ್ಳುವ ಹಕ್ಕನ್ನು ಬಿಟ್ಟುಕೊಟ್ಟು, ಆ ಹಕ್ಕಿಗೊಂದು ಅಳತೆ ಹಾಕಿದ್ದರಿಂದ ಕಾನೂನು ನಿಂತಿತು. ನಮ್ಮಲ್ಲಿ ಆದದ್ದನ್ನು ಇದರ ಜತೆಗಿಟ್ಟು ನೋಡಿ. ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು ಎಂಬ ನಿಯಮ 2024ರಲ್ಲಿ ಖಚಿತವಾಗಿ ಬಂದಾಗ ಬೆಂಗಳೂರಿನ ವಾಣಿಜ್ಯ ರಸ್ತೆಗಳ ಬೋರ್ಡುಗಳು ಕೆಲವೇ ತಿಂಗಳಲ್ಲಿ ಬದಲಾದವು. ಅದಕ್ಕೆ ಮೊದಲು, 2023ರ ಡಿಸೆಂಬರ್‌ನಲ್ಲಿ, ಕನ್ನಡ ನಾಮಫಲಕಕ್ಕಾಗಿ ನಡೆದ ಪ್ರತಿಭಟನೆಯಲ್ಲಿ ಬೋರ್ಡು ಒಡೆದದ್ದು ತಪ್ಪು, ಆ ಹೆದರಿಕೆಯೂ ಬದಲಾವಣೆಯಲ್ಲಿ ಪಾಲು ಪಡೆದಿರಬಹುದು. ಆದರೆ ಟೇಪು ಹಿಡಿದು ಅಳೆಯಬಹುದಾದ ನಿಯಮ ಇದ್ದುದರಿಂದ ಪಾಲಿಸುವವರಿಗೆ ಪಾಲಿಸಿದ್ದೇವೆ ಎಂದು ತೋರಿಸಲು ಸಾಧ್ಯವಾಯಿತು. ಬೋರ್ಡಿನಲ್ಲಿ ಕನ್ನಡ ಎಷ್ಟಿರಬೇಕೆಂದು ಇಂದು ಚಿಕ್ಕಪೇಟೆಯ ಪ್ರತಿ ವ್ಯಾಪಾರಿಗೂ ಗೊತ್ತು. ಬೋರ್ಡೇ ಎಷ್ಟು ದೊಡ್ಡದಿರಬಹುದು, ರಸ್ತೆಗೆ ಎಷ್ಟು ಚಾಚಬಹುದು ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ.

ಅನುಮತಿ ಎಂದ ಕೂಡಲೇ ಇನ್ನೊಂದು ಅಪಾಯ ಬಾಗಿಲಲ್ಲಿ ನಿಂತಿರುತ್ತದೆ, ಅದಕ್ಕೆ ನಾನೂ ಹೆದರುತ್ತೇನೆ. ಫಲಕದಲ್ಲಿ ಏನು ಬರೆದಿದೆ ಎಂದು ನೋಡಿ ಅನುಮತಿ ಕೊಡುವ ಅಧಿಕಾರಿ ನಾಳೆ ಸರ್ಕಾರವನ್ನು ಟೀಕಿಸುವ ಸಭೆಯ ಫಲಕಕ್ಕೆ ಇಲ್ಲ ಎನ್ನಬಹುದು. ಅಮೆರಿಕದ ಅರಿಜೋನಾದ ಗಿಲ್ಬರ್ಟ್ ಎಂಬ ಊರಿನ ಫಲಕ ನಿಯಮ ಈ ಗುಂಡಿಗೇ ಬಿದ್ದಿತ್ತು. ರಾಜಕೀಯ ಫಲಕಕ್ಕೆ 32 ಚದರಡಿವರೆಗೆ ಅವಕಾಶ, ಅದೂ ತಿಂಗಳುಗಟ್ಟಲೆ. ಸ್ವಂತ ಕಟ್ಟಡವಿಲ್ಲದ ಒಂದು ಚಿಕ್ಕ ಚರ್ಚು ಭಾನುವಾರದ ಪ್ರಾರ್ಥನೆಗೆ ದಾರಿ ತೋರಿಸುವ ಫಲಕ ಇಡಬೇಕೆಂದರೆ 6 ಚದರಡಿ, ಕಾರ್ಯಕ್ರಮಕ್ಕೆ 12 ಗಂಟೆ ಮೊದಲು ಇಟ್ಟು ಮುಗಿದ ಒಂದು ಗಂಟೆಯೊಳಗೆ ತೆಗೆಯಬೇಕು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ಭೇದವನ್ನು ಒಮ್ಮತದಿಂದ ತಳ್ಳಿಹಾಕಿತು. ಅವರ ಸಂವಿಧಾನ ಬೇರೆ, ನಮ್ಮದು ಬೇರೆ. ಆದರೂ ವಾಣಿಜ್ಯ ಜಾಹೀರಾತಿಗೂ 19ನೇ ವಿಧಿಯ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದೆ ಎಂದು ನಮ್ಮ ಸುಪ್ರೀಂ ಕೋರ್ಟು 1995ರ ಟಾಟಾ ಪ್ರೆಸ್ ಪ್ರಕರಣದಲ್ಲೇ ಹೇಳಿದೆ. ಆದ್ದರಿಂದ ಅನುಮತಿ ಕೊಡುವವರು ಉದ್ದ, ಅಗಲ, ಎತ್ತರ, ಜಾಗ, ದಿನಾಂಕ ಇವನ್ನಷ್ಟೇ ನೋಡಬೇಕು. ಅರ್ಜಿಯಲ್ಲಿ ಫಲಕದ ಪಠ್ಯ ಕೇಳುವ ಅಂಕಣವೇ ಇರಬಾರದು. ದ್ವೇಷ ಕಾರುವ ಬರಹ ಇದ್ದರೆ ಅದಕ್ಕೆ ಬೇರೆ ಕಾನೂನುಗಳಿವೆ, ಅದು ಪಾಲಿಕೆಯ ಗುಮಾಸ್ತರು ತೀರ್ಮಾನಿಸುವ ವಿಷಯವಲ್ಲ. ಮದುವೆ, ಶ್ರದ್ಧಾಂಜಲಿ, ರಾಜ್ಯೋತ್ಸವ, ಮುಖ್ಯಮಂತ್ರಿಯ ಭೇಟಿ ಎಲ್ಲಕ್ಕೂ ಒಂದೇ ಅಳತೆ.

ಹಾಗೆ ಬಾಗಿಲು ತೆರೆದರೆ ಊರೆಲ್ಲ ಅನುಮತಿ ಪಡೆದ ಫ್ಲೆಕ್ಸ್‌ಗಳೇ ತುಂಬುತ್ತವೆ, ಹಣವಿದ್ದವರು ಎಲ್ಲವನ್ನೂ ಬಾಚಿಕೊಳ್ಳುತ್ತಾರೆ ಎಂಬ ಆಕ್ಷೇಪಕ್ಕೆ ಜಾಗವನ್ನು ಎಣಿಸಿಡುವುದೇ ಉತ್ತರ. 1855ರಲ್ಲಿ ಬರ್ಲಿನ್ ಊರಿನ ತುಂಬ ಸಿಕ್ಕಲ್ಲಿ ಪೋಸ್ಟರ್ ಅಂಟಿಸುವ ಹಾವಳಿಗೆ ಅಲ್ಲಿನ ಮುದ್ರಕ ಎರ್ನ್ಸ್ಟ್ ಲಿಟ್ಫಾಸ್ ಸೂಚಿಸಿದ ದುಂಡನೆಯ ಪೋಸ್ಟರ್ ಕಂಬಗಳು ಬಂದವು, ಮೊದಲ ಕಂತಿನಲ್ಲಿ ನೂರು. ಅಂಟಿಸಬೇಕಾದವರು ಅಲ್ಲಿ ಅಂಟಿಸಬೇಕು. ಇಂದಿಗೂ ಜರ್ಮನಿಯ ಬೀದಿಗಳಲ್ಲಿ ಅವು ನಿಂತಿವೆ. ನಮ್ಮ ವಾರ್ಡುಗಳಲ್ಲೂ ಮಾರುಕಟ್ಟೆ, ಬಸ್ ನಿಲ್ದಾಣ, ಉದ್ಯಾನಗಳ ಬದಿಯಲ್ಲಿ ಕಬ್ಬಿಣದ ಚೌಕಟ್ಟುಗಳನ್ನು ಪಾಲಿಕೆಯೇ ನಿಲ್ಲಿಸಲಿ. ಕೂಡುರಸ್ತೆಯಿಂದ 100 ಮೀಟರ್, ನಗರದೊಳಗಾದರೆ ಕನಿಷ್ಠ 50 ಮೀಟರ್ ದೂರ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ 1972ರಲ್ಲೇ ಹೇಳಿದ್ದನ್ನು ಅಲ್ಲಿ ಪಾಲಿಸಲಿ. ಒಬ್ಬ ಅರ್ಜಿದಾರರಿಗೆ ಒಂದು ವಾರ್ಡಿನಲ್ಲಿ ಒಂದೇ ಚೌಕಟ್ಟು, ಒಂದು ವಾರ. ಬೇಡಿಕೆ ಹೆಚ್ಚಾದರೆ ಹರಾಜು ಬೇಡ, ಚೀಟಿ ಎತ್ತಲಿ. ಹರಾಜಿಗಿಟ್ಟರೆ ಮತ್ತೆ ಹಣವಿದ್ದವರ ಪಾಲಾಗುತ್ತದೆ. ಯಾರಿಗೆ ಯಾವ ವಾರ ಸಿಕ್ಕಿತು ಎಂಬ ಪಟ್ಟಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ಇರಲಿ. ಪ್ಲಾಸ್ಟಿಕ್ಕಿನ ನಿಷೇಧ ಹೀಗೇ ಉಳಿಯಬೇಕು, ಅದರಲ್ಲಿ ಸಡಿಲಿಕೆ ಬೇಡ. ಪಿವಿಸಿ ಶೀಟಿಗೆ ಬದಲು ಬಟ್ಟೆ, ಕಾಗದ ಸಾಕು. ಫ್ಲೆಕ್ಸ್ ಬರುವ ಮೊದಲು ನಮ್ಮೂರ ಚಿತ್ರಕಾರರು ಬಟ್ಟೆಯ ಮೇಲೆ ಕುಂಚದಲ್ಲೇ ಜಾತ್ರೆ, ನಾಟಕ, ಸಭೆಗಳನ್ನು ಸಾರುತ್ತಿದ್ದರು. ಆ ಕಸುಬಿಗೂ ಒಂದಷ್ಟು ಕೆಲಸ ಮರಳಿ ಸಿಗುತ್ತದೆ.

ಈ ಚರ್ಚೆ ಮುಂದೆ ಹೋಗದಿರುವುದಕ್ಕೆ ದುಡ್ಡೂ ಒಂದು ಕಾರಣ. ಜಿಎಸ್‌ಟಿಗಾಗಿ ಮಾಡಿದ 2016ರ ಸಂವಿಧಾನ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯ 55ನೇ ನಮೂದು ಹೋಯಿತು. ಅದರೊಂದಿಗೆ ಜಾಹೀರಾತು ತೆರಿಗೆಯ ಅಧಿಕಾರವೂ ಹೋಗಿ, ಪಾಲಿಕೆಗಳಿಗೆ ಶುಲ್ಕದ ದಾರಿಯಷ್ಟೇ ಉಳಿಯಿತು. ಅಂದಿನಿಂದ ಜಾಹೀರಾತು ಬೈಲಾ ಎಂದರೆ ದೊಡ್ಡ ಹೋರ್ಡಿಂಗುಗಳಿಂದ ಎಷ್ಟು ವರಮಾನ ಬಂದೀತು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಅದಕ್ಕೆ ವಿರೋಧ ಬಂದಾಗ ಮತ್ತೆ ಪೂರ್ತಿ ನಿಷೇಧದ ಮಾತು. ಈ ಎರಡರ ನಡುವೆ ಒಂದು ವಾರದ ಯಕ್ಷಗಾನದ ಫಲಕಕ್ಕೆ ಜಾಗ ಎಲ್ಲಿ ಎಂಬ ಪ್ರಶ್ನೆ ಯಾವ ಕರಡಿನಲ್ಲೂ ಮುಖ್ಯವಾಗುವುದಿಲ್ಲ. 2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿಗೆ ಐದು ಪಾಲಿಕೆಗಳಾಗಿವೆ. ಐದೂ ಕಡೆ ಒಂದೇ ನಿಯಮ ಬರಬೇಕು, ರೈಲ್ವೆ, ಮೆಟ್ರೊ, ಬಿಡಿಎ, ರಕ್ಷಣಾ ಇಲಾಖೆ ಯಾರದೇ ನೆಲವಾದರೂ ಅದು ಅನ್ವಯವಾಗಬೇಕು. ಶುಲ್ಕ ಹೊಲಿಗೆ ಅಂಗಡಿಯವರಿಗೂ ಕೈಗೆಟಕುವಷ್ಟಿರಲಿ, ಠೇವಣಿ ಮಾತ್ರ ಗಟ್ಟಿಯಾಗಿರಲಿ. ಅವಧಿ ಮುಗಿದ 24 ಗಂಟೆಯೊಳಗೆ ಇಳಿಸಿದವರಿಗೆ ಠೇವಣಿ ವಾಪಸು. ಇಳಿಸದಿದ್ದರೆ ಆ ದುಡ್ಡಿನಲ್ಲೇ ಪಾಲಿಕೆ ಇಳಿಸುತ್ತದೆ, ಆ ಅರ್ಜಿದಾರರಿಗೆ ಒಂದು ವರ್ಷ ಬೇರೆ ಅನುಮತಿಯಿಲ್ಲ. ಚೌಕಟ್ಟಿನ ಹೊರಗೆ, ಅನುಮತಿ ಸಂಖ್ಯೆಯಿಲ್ಲದೆ ಏನು ಕಂಡರೂ 24 ಗಂಟೆಯೊಳಗೆ ನೆಲಕ್ಕಿಳಿಯಬೇಕು, ಮುದ್ರಿಸಿದವರ ಟ್ರೇಡ್ ಲೈಸೆನ್ಸ್ ಅಮಾನತಾಗಬೇಕು, ಇಳಿಸದ ವಾರ್ಡ್ ಎಂಜಿನಿಯರ್ ಲಿಖಿತ ಉತ್ತರ ಕೊಡಬೇಕು. ಚುನಾವಣೆಯಲ್ಲಿ ಗೆದ್ದವರನ್ನು ಅಭಿನಂದಿಸುವ ಫಲಕಕ್ಕೂ ಇದೇ ಚೌಕಟ್ಟು, ಇದೇ ಒಂದು ವಾರ, ಇದೇ ಠೇವಣಿ.